ಸೀಟಿ ಹಿಡಿದ ಸಾಕ್ಷಿಗಳು: ಮದ್ರಾಸು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜಿನ ನೂರು ವರ್ಷ

1920ರಲ್ಲಿ, ಮದ್ರಾಸು ಹೈಕೋರ್ಟಿನ ಎದುರಿಗಿರುವ ವೈ.ಎಂ.ಸಿ.ಎ. ಕಟ್ಟಡದಲ್ಲಿ ಒಂದು ಹೊಸ ತರಗತಿ ಶುರುವಾಯಿತು. ಕಲಿಯಲು ಬಂದವರು ಐದೇ ಜನ. ಕಲಿಸಲು ನಿಂತವರು ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದಿದ್ದ ಹ್ಯಾರಿ ಕ್ರೋ ಬಕ್. ಅವರಿಗೆ ಆಗ ಮೂವತ್ತೈದರ ಆಸುಪಾಸಿನ ಪ್ರಾಯ. ಆ ತರಗತಿಯ ವಿಷಯ ನಮ್ಮ ದೇಶಕ್ಕೆ ಹೊಸದಾಗಿತ್ತು: ಮಕ್ಕಳಿಗೆ ಆಟ ಕಲಿಸುವುದು ಹೇಗೆ ಎಂಬುದನ್ನು ಮೇಷ್ಟ್ರುಗಳಿಗೆ ಕಲಿಸುವುದು. ಅಲ್ಲಿಯವರೆಗೆ ನಮ್ಮ ಹೈಸ್ಕೂಲುಗಳಲ್ಲಿ ಅಂಗಸಾಧನೆ ಎಂದರೆ ಡ್ರಿಲ್. ಪಲ್ಟನ್ನಿನಿಂದ ನಿವೃತ್ತರಾದ ಹವಾಲ್ದಾರರು ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಎಡಗಾಲು, ಬಲಗಾಲು ಎನ್ನಿಸುತ್ತಿದ್ದರು. ಪಾಠದ ಮೇಷ್ಟ್ರಿಗೆ ಸಿಗುತ್ತಿದ್ದ ಮರ್ಯಾದೆ ಅವರಿಗೆ ಸಿಗುತ್ತಿರಲಿಲ್ಲ, ಸಂಬಳವೂ ಅಷ್ಟಕ್ಕಷ್ಟೆ. ಅಂಥ ಕೆಲಸಕ್ಕೆ ಒಂದು ಶಾಸ್ತ್ರವಿದೆ, ಅದಕ್ಕೆ ತರಬೇತಿ ಬೇಕು, ಅದನ್ನು ಮಾಡುವವನು ಪೂರ್ಣ ಅರ್ಥದಲ್ಲಿ ಶಿಕ್ಷಕ ಎಂದು ಬಕ್ ನಂಬಿದ್ದರು.

ನೂರು ವರ್ಷ ದಾಟಿದ ಈ ಸಂಸ್ಥೆಯನ್ನು ಏಷ್ಯಾದ ಮೊದಲ ದೈಹಿಕ ಶಿಕ್ಷಣ ಕಾಲೇಜೆಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಇಂಥ ಸ್ಮರಣೆಗಳಲ್ಲಿ ಒಂದು ಸಂಗತಿ ಮೆಲ್ಲಗೆ ಬಿಟ್ಟುಹೋಗುತ್ತದೆ. ಬಕ್ ಬಂದದ್ದು ಬರಿಯ ಕ್ರೀಡಾ ತಜ್ಞರಾಗಿ ಅಲ್ಲ. ಅವರು ವೈ.ಎಂ.ಸಿ.ಎ. ಎಂಬ ಕ್ರೈಸ್ತ ತರುಣ ಸಂಘದ ಕಾರ್ಯಕರ್ತರು, ಯೇಸುಸ್ವಾಮಿಯ ಮೇಲಿನ ವಿಶ್ವಾಸವೇ ಅವರನ್ನು ಹಡಗು ಹತ್ತಿಸಿತ್ತು. ಆ ವಿಶ್ವಾಸ ಮೈದಾನದಲ್ಲಿ ಯಾವ ರೂಪ ತಾಳಿತು, ಬೇರೆ ನಂಬಿಕೆಯ ಹುಡುಗರ ಜೊತೆ ಹೇಗೆ ಬೆರೆಯಿತು ಎಂಬುದನ್ನು ಬಿಟ್ಟು ಕಾಲೇಜಿನ ಚರಿತ್ರೆ ಬರೆದರೆ ಅದು ಕಟ್ಟಡಗಳ ಚರಿತ್ರೆಯಾದೀತು.

ಮೂಲಕ್ಕೆ ಹೋಗಬೇಕಾದರೆ ಲಂಡನ್ನಿಗೆ ಹೋಗಬೇಕು. ಅಲ್ಲಿ 1844ರ ಜೂನ್ 6ರಂದು ಜಾರ್ಜ್ ವಿಲಿಯಮ್ಸ್ ಎಂಬ ಜವಳಿ ಅಂಗಡಿಯ ಕೆಲಸಗಾರ ತನ್ನ ಗೆಳೆಯರೊಂದಿಗೆ ಸೇರಿ ಈ ಸಂಘ ಕಟ್ಟಿದ. ಅದು ಶುರುವಾದದ್ದು ಬೈಬಲ್ ಓದಿಗೆ ಮತ್ತು ಪ್ರಾರ್ಥನೆಗೆ. ಆಟ ಅದರಲ್ಲಿ ಇರಲಿಲ್ಲ. ಆಟವನ್ನು ವಿಶ್ವಾಸದ ಜೊತೆ ಒಂದೇ ಸೂರಿನಡಿ ತಂದವರು ಅಮೆರಿಕನ್ನರು. ಮಿಷನರಿ ದಂಪತಿಗಳ ಮಗನಾಗಿ ಹವಾಯಿಯಲ್ಲಿ ಹುಟ್ಟಿದ ಲೂಥರ್ ಗುಲಿಕ್ 1891ರಲ್ಲಿ ಸಂಘಕ್ಕೆ ತಲೆಕೆಳಗಾದ ತ್ರಿಕೋನವನ್ನು ಲಾಂಛನವಾಗಿ ಕೊಟ್ಟರು. ದೇಹ, ಮನಸ್ಸು, ಆತ್ಮ ಈ ಮೂರು ಬದಿಗಳಲ್ಲಿ ಒಂದನ್ನು ಕಡೆಗಣಿಸಿದರೂ ಮನುಷ್ಯ ಪೂರ್ತಿಯಾಗುವುದಿಲ್ಲ ಎಂಬುದು ಅವರ ವಾದ. ದೇಹ ಎಂದರೆ ಪಾಪದ ಗೂಡು ಎಂದು ಕೇಳುತ್ತ ಬೆಳೆದ ಅಂದಿನ ಸಭೆಗಳಿಗೆ ಇದು ಸುಲಭವಾಗಿ ಇಳಿಯುವ ಮಾತಾಗಿರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ನಡೆದದ್ದನ್ನು ಕ್ರೀಡಾಲೋಕ ಚೆನ್ನಾಗಿ ಬಲ್ಲದು. ಆದರೂ ನಾನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮದ್ರಾಸಿನ ಬೀಜ ಅಲ್ಲಿದೆ. ಚಳಿಗಾಲ. ಹೊರಗೆ ಹಿಮ. ಒಳಗೆ ಕಸರತ್ತಿನಿಂದ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳು. ಇಬ್ಬರು ಶಿಕ್ಷಕರು ಆ ತರಗತಿಯ ಸಹವಾಸ ಸಾಕೆಂದು ಕೈಚೆಲ್ಲಿದ್ದರು. ಕೆನಡಾದ ಜೇಮ್ಸ್ ನೈಸ್ಮಿತ್‌ಗೆ ಗುಲಿಕ್ ಎರಡು ವಾರದ ಗಡುವು ಕೊಟ್ಟು, ಒಳಾಂಗಣಕ್ಕೆ ಒಂದು ಹೊಸ ಆಟ ಕಟ್ಟಿಕೊಡು ಎಂದರು.

ನೈಸ್ಮಿತ್ ದೇವಶಾಸ್ತ್ರ ಓದಿದವರು. ಮಾಂಟ್ರಿಯಲಿನಲ್ಲಿ ಓದುತ್ತಿದ್ದಾಗ ಒರಟು ಫುಟ್‌ಬಾಲ್ ಆಡುತ್ತಿದ್ದರು. ಪಾದ್ರಿಯಾಗಬೇಕಾದವನಿಗೆ ಇದು ತಕ್ಕದ್ದಲ್ಲ ಎಂದು ಜೊತೆಯವರು ಅವರ ಸಲುವಾಗಿ ಪ್ರಾರ್ಥನೆ ಮಾಡಿದ್ದುಂಟು. ಒಮ್ಮೆ ಪಂದ್ಯದ ಬಿರುಸಿನಲ್ಲಿ ಪಕ್ಕದ ಆಟಗಾರ ಕೆಟ್ಟ ಮಾತಾಡಿ, ನೈಸ್ಮಿತ್ ಹತ್ತಿರದಲ್ಲೇ ಇರುವುದನ್ನು ಕಂಡು ಕ್ಷಮೆ ಕೇಳಿದನಂತೆ. ಅವನಿಗೆ ಇವರು ಒಂದು ದಿನವೂ ಬೋಧನೆ ಮಾಡಿರಲಿಲ್ಲ. ಜೊತೆಗೆ ಆಡಿದ್ದರು, ಅಷ್ಟೆ. ವೇದಿಕೆಯ ಮೇಲಿನಿಂದ ಆಗದ ಕೆಲಸ ಮೈದಾನದಲ್ಲಿ ಆಗಬಹುದು ಎಂದು ಅವರಿಗೆ ಹೊಳೆದದ್ದು ಆಗ. ಧರ್ಮೋಪದೇಶದ ವೃತ್ತಿ ಬಿಟ್ಟು ವ್ಯಾಯಾಮ ಶಿಕ್ಷಕನಾಗಲು ಅವರು ಸ್ಪ್ರಿಂಗ್‌ಫೀಲ್ಡಿಗೆ ಬಂದರು.

ಬ್ಯಾಸ್ಕೆಟ್‌ಬಾಲಿನ ಮೂಲ ಹದಿಮೂರು ನಿಯಮಗಳನ್ನು ಓದಿದರೆ ಆ ಮನುಷ್ಯನ ಮನಸ್ಸು ಕಾಣುತ್ತದೆ. ಚೆಂಡು ಹಿಡಿದು ಓಡುವಂತಿಲ್ಲ. ಓಡದವನನ್ನು ಕೆಡವುವ ಅಗತ್ಯವಿಲ್ಲ. ತಳ್ಳುವುದು, ಹೊಡೆಯುವುದು, ಕಾಲು ಕೊಡುವುದು ತಪ್ಪು. ಗುರಿ ನೆಲದ ಮಟ್ಟದಲ್ಲಿದ್ದರೆ ಬಲವಾಗಿ ಬಾರಿಸಿದವನು ಗೆಲ್ಲುತ್ತಾನೆ. ಗುರಿಯನ್ನು ತಲೆಯ ಮೇಲಕ್ಕೆ ಏರಿಸಿದರೆ ಚೆಂಡನ್ನು ಹದವಾಗಿ, ಕಮಾನಿನಂತೆ ಎಸೆಯಬೇಕಾಗುತ್ತದೆ. ಬಾಲ್ಯದಲ್ಲಿ ಬಂಡೆಯ ಮೇಲಿನ ಕಲ್ಲನ್ನು ಕಲ್ಲಿನಿಂದ ಬೀಳಿಸುವ, ನಮ್ಮ ಲಗೋರಿಯ ದಾಯಾದಿಯಂಥ ಒಂದು ಆಟದಿಂದ ಅವರಿಗೆ ಈ ಉಪಾಯ ಸಿಕ್ಕಿತು. ಶಾಲೆಯ ಜವಾನ ಹುಡುಕಿ ತಂದ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಯ ಕಟಕಟೆಗೆ ಹೊಡೆದರು. ಒಂಬತ್ತು ಒಂಬತ್ತು ಜನರ ಎರಡು ತಂಡ. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ನನಗೆ ಇದು ನಿಯಮದ ಭಾಷೆಯಲ್ಲಿ ಬರೆದ ಪ್ರಾರ್ಥನೆಯಂತೆ ಕಾಣುತ್ತದೆ. ಎದುರಾಳಿಯನ್ನು ನೋಯಿಸದೆ ಗೆಲ್ಲಲು ಸಾಧ್ಯವೇ ಎಂಬ ಪ್ರಶ್ನೆಗೆ ಆತ ಉಪದೇಶದಲ್ಲಲ್ಲ, ಆಟದಲ್ಲಿ ಉತ್ತರ ಕೊಟ್ಟರು.

ಆ ಮೊದಲ ಪಂದ್ಯದ ಎರಡು ತಂಡಗಳಲ್ಲಿ ಒಂದರ ನಾಯಕನಾಗಿದ್ದ ಡಂಕನ್ ಪ್ಯಾಟನ್ 1894ರಲ್ಲಿ ಭಾರತಕ್ಕೆ ಬಂದ. ಆಟ ಹುಟ್ಟಿದ ಮೂರನೆಯ ವರ್ಷಕ್ಕೇ, ಆಡಿದವನ ಕೈಯಿಂದಲೇ, ಅದು ನಮ್ಮ ದೇಶ ಮುಟ್ಟಿತು. 1895ರಲ್ಲಿ ಹೋಲಿಯೋಕ್ ಎಂಬ ಪಕ್ಕದ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಮ್ ಮಾರ್ಗನ್, ಬ್ಯಾಸ್ಕೆಟ್‌ಬಾಲಿನಷ್ಟು ಮೈಮುರಿಯದ ಆಟ ಬೇಕಾಗಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ ವಾಲಿಬಾಲನ್ನು ರೂಪಿಸಿದ. ಅದೂ ಇದೇ ಸಂಘದ ಕೈಹಿಡಿದು ಏಷ್ಯಾಕ್ಕೆ ಬಂತು.

ಆದರೆ ಕ್ರೈಸ್ತ ವಿಶ್ವಾಸ ಮತ್ತು ಆಟ ನಮ್ಮ ನೆಲದಲ್ಲಿ ಸೇರಿದ್ದು ಎಲ್ಲ ಕಡೆಯೂ ಸ್ನೇಹದಿಂದಲ್ಲ. ಅದನ್ನೂ ಹೇಳಬೇಕು. 1891ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಮಿಷನರಿ ಟಿಂಡೇಲ್ ಬಿಸ್ಕೋ ತೊಗಲಿನ ಫುಟ್‌ಬಾಲ್ ತಂದರು. ತೊಗಲು ಮೈಲಿಗೆ, ಮುಟ್ಟುವುದಿಲ್ಲ ಎಂದು ಪಂಡಿತರ ಮಕ್ಕಳು ಹಿಂಜರಿದರು. ಮೇಷ್ಟ್ರುಗಳು ಬೆತ್ತ ಹಿಡಿದು ಸುತ್ತ ನಿಂತು ಒದೆಸಿದರು. ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿದು ಅವನು ಮೈಲಿಗೆಯಾಯಿತೆಂದು ಅತ್ತಾಗ, ಕಾಲುವೆಗೆ ಕರೆದೊಯ್ದು ತೊಳೆಸಿ ಮತ್ತೆ ಆಟಕ್ಕೆ ಹಚ್ಚಿದರು. ಬಿಸ್ಕೋ ಅವರು ಕಾಶ್ಮೀರಕ್ಕೆ ಮಾಡಿದ ಉಪಕಾರ ದೊಡ್ಡದು. ನೆರೆ, ಬೆಂಕಿ, ಕಾಲರಾ ಬಂದಾಗ ಅವರ ವಿದ್ಯಾರ್ಥಿಗಳು ಊರಿಗೆ ಆಸರೆಯಾದರು. ಆದರೂ ಬೆತ್ತದ ತುದಿಯಲ್ಲಿ ಶುರುವಾದ ಆ ಆಟವನ್ನು ನಾನು ಮಾದರಿ ಎನ್ನಲಾರೆ. ಅಲ್ಲಿ ಮಗುವಿನ ಅಂಜಿಕೆಗೆ ಕಿವಿಗೊಡುವವರು ಇರಲಿಲ್ಲ.

ದಕ್ಷಿಣದಲ್ಲಿ ಇನ್ನೊಂದು ದನಿ ಎದ್ದಿತು. ತಿರುನೆಲ್ವೇಲಿ ಸೀಮೆಯ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ 1895ರಿಂದ 1909ರವರೆಗೆ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ದಕ್ಷಿಣ ಭಾರತ ಸುತ್ತಿದವರು. ಮುಂದೆ 1912ರಲ್ಲಿ ದೋರ್ಣಕಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರೇ. 1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರು ಎದ್ದು ನಿಂತು, ಪಾಶ್ಚಾತ್ಯ ಮಿಷನರಿಗಳು ಭಾರತಕ್ಕೆ ತಮ್ಮ ಸೊತ್ತು ಕೊಟ್ಟಿದ್ದಾರೆ, ಜೀವವನ್ನೂ ಕೊಟ್ಟಿದ್ದಾರೆ, ಆದರೆ ನಮಗೆ ಬೇಕಾಗಿರುವುದು ಪ್ರೀತಿ, ನಮಗೆ ಗೆಳೆಯರನ್ನು ಕೊಡಿ ಎಂಬರ್ಥದ ಮಾತಾಡಿದರು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣದೆ, ಕೈಕುಲುಕದೆ ಸುವಾರ್ತೆ ಸಾರಲಾದೀತೇ ಎಂಬ ಆ ಪ್ರಶ್ನೆಗೆ ಸಭೆಯಲ್ಲಿ ಕೆಲವರ ಮುಖ ಕಪ್ಪಿಟ್ಟಿತು. ಅಜರಯ್ಯನವರಿಗೆ ಆ ಮಾತಾಡುವ ಅಧಿಕಾರವಿತ್ತು. ಷೆರ್‌ವುಡ್ ಎಡ್ಡಿ ಎಂಬ ಅಮೆರಿಕನ್ ಕಾರ್ಯದರ್ಶಿ ಮತ್ತು ಅವರು ನಿಜವಾದ ಗೆಳೆಯರಾಗಿದ್ದರು. ಎಡ್ಡಿ ತಮಿಳು ಕಲಿತಿದ್ದರು. ಇಬ್ಬರೂ ಊರೂರು ಜೊತೆಯಾಗಿ ತಿರುಗಿದ್ದರು.

ಈ ಮಾತಿನ ಬಿಸಿ ಆರುವ ಮೊದಲೇ ಭಾರತದ ವೈ.ಎಂ.ಸಿ.ಎ. ತನ್ನ ನೊಗವನ್ನು ಭಾರತೀಯರ ಹೆಗಲಿಗೆ ಕೊಟ್ಟಿತು. 1916ರಲ್ಲಿ ಸೇಲಂನ ಕೆ.ಟಿ. ಪಾಲ್ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು. ಭಾರತೀಯನೊಬ್ಬ ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಹಳ್ಳಿಗಳ ಪುನರುಜ್ಜೀವನದ ಕೆಲಸದಲ್ಲಿ ಮುಳುಗಿದ್ದ, ಸ್ವರಾಜ್ಯದ ಹಂಬಲವನ್ನು ವಿಶ್ವಾಸದಿಂದ ಬೇರೆ ಮಾಡದ ಮನುಷ್ಯ ಅವರು. ಬಕ್ ಬಂದದ್ದು ಅಂಥ ನಾಯಕತ್ವದ ಸಂಘಕ್ಕೆ. ಅಜರಯ್ಯ ಕೇಳಿದ್ದ ಗೆಳೆಯರ ಪೈಕಿ ಬಕ್ ಒಬ್ಬರಾದರು ಎನ್ನುವುದು ನನ್ನ ಎಣಿಕೆ.

ಅವರಿಗಿಂತ ಮೊದಲೇ, 1908ರಲ್ಲಿ, ಡಾ. ಜೆ.ಎಚ್. ಗ್ರೇ ಕಲ್ಕತ್ತೆಗೆ ಬಂದು ವ್ಯಾಯಾಮ ನಿರ್ದೇಶಕರಾಗಿ ಕೆಲಸ ಶುರುಮಾಡಿದ್ದರು. ಆಮೇಲೆ ಡಾ. ಎ.ಜಿ. ನೋಹ್ರೆನ್ ಬಂದರು. ಇವರೆಲ್ಲರಿಗೂ ಒಂದೇ ತೊಂದರೆ. ಅಮೆರಿಕದಿಂದ ಎಷ್ಟು ಜನ ಬಂದಾರು? ಬಂದವರು ಎಷ್ಟು ಶಾಲೆಗಳನ್ನು ಮುಟ್ಟಿಯಾರು? ಇಲ್ಲಿಯವರೇ ಕಲಿತು ಕಲಿಸದಿದ್ದರೆ ಆಟ ನಗರಗಳ ಕ್ಲಬ್ಬುಗಳಲ್ಲಿ ಸಾಹೇಬರ ಸೊತ್ತಾಗಿಯೇ ಉಳಿಯುತ್ತಿತ್ತು. ಹೈಕೋರ್ಟಿನ ಎದುರಿನ ಆ ಐವರ ತರಗತಿ ಹುಟ್ಟಿದ್ದು ಈ ಯೋಚನೆಯಿಂದ. ಅಲ್ಲಿ ಮೈದಾನ ಸಾಲದೆ ಶಾಲೆ ರಾಯಪೇಟೆಯ ವೆಸ್ಲಿ ಕಾಲೇಜಿನ ಬಯಲಿಗೆ ಹೋಯಿತು. 1930ರ ದಶಕದಲ್ಲಿ ಸೈದಾಪೇಟೆಯಲ್ಲಿ, ಅಡ್ಯಾರ್ ನದಿಯ ದಡದಲ್ಲಿ, ಮರಗಳ ನಡುವೆ ವಿಶಾಲವಾದ ಸ್ವಂತ ನೆಲೆ ಕಂಡಿತು. ಇಂದು ನಾವು ನಂದನಂ ಎಂದು ಗುರುತಿಸುವ ಆವರಣ ಅದೇ.

ಬಕ್ ಕಲಿಸಿದ್ದೇನು? ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಓಟ, ನೆಗೆತ ಇದ್ದೇ ಇದ್ದವು. ಆದರೆ ಅವರು ದಂಡ, ಬೈಠಕ್, ಲೇಜಿಮ್, ಲಾಠಿ, ಕಬಡ್ಡಿಯನ್ನೂ ಪಠ್ಯಕ್ಕೆ ಸೇರಿಸಿಕೊಂಡರು. ಆಸನಗಳ ಕಡೆಗೂ ಅವರ ಗಮನವಿತ್ತು. ಪರದೇಶದವನೊಬ್ಬ ಗರಡಿಮನೆಯ ಸಾಧನೆಗೆ ತಲೆಬಾಗಿದ್ದು ಸಣ್ಣ ಮಾತಲ್ಲ. ಅದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲಿ, ಮುಂದೆ ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತ, ಪಾಶ್ಚಾತ್ಯ ಅಂಗಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಹೊರಗಿನದು, ಒಳಗಿನದು ಎಂಬ ಗೋಡೆ ಎರಡೂ ಕಡೆಯಿಂದ ತೆಳುವಾಗುತ್ತಿದ್ದ ಕಾಲ ಅದು.

ಬಕ್ ಬರೆದ ಪಠ್ಯಕ್ರಮ ಮತ್ತು ಆಟಗಳ ನಿಯಮ ಪುಸ್ತಕ ದೇಶದ ವ್ಯಾಯಾಮ ಶಿಕ್ಷಕರ ಕೈಪಿಡಿಗಳಾದವು. ಅಂಕಣದ ಅಳತೆ ಎಷ್ಟು, ನೆಟ್ಟಿನ ಎತ್ತರ ಎಷ್ಟು, ಯಾವುದು ಫೌಲ್ ಎಂಬ ಜಗಳ ಎದ್ದಾಗ ತೀರ್ಪಿಗೆ ತೆರೆಯುತ್ತಿದ್ದದ್ದು ಆ ಪುಸ್ತಕವನ್ನು. 1929ರಿಂದ ಕಾಲೇಜು ‘ವ್ಯಾಯಾಮ್’ ಎಂಬ ಪತ್ರಿಕೆ ಹೊರಡಿಸಿತು. ಮದ್ರಾಸು ಸರ್ಕಾರಕ್ಕೂ ಬಕ್ ದೈಹಿಕ ಶಿಕ್ಷಣದ ಸಲಹೆಗಾರರಾಗಿದ್ದರು. ಹೀಗೆ ಒಂದು ಕ್ರೈಸ್ತ ಸಂಘದ ತರಗತಿಯಲ್ಲಿ ಹುಟ್ಟಿದ ಪಾಠ ಸರ್ಕಾರಿ ಶಾಲೆಯ ಮಗುವಿಗೂ ತಲುಪಿತು.

ವಿದ್ಯಾರ್ಥಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದರು. ಬೇರೆ ಬೇರೆ ಜಾತಿಯವರು ಒಂದೇ ಚೆಂಡನ್ನು ಕೈಯಿಂದ ಕೈಗೆ ದಾಟಿಸುವ ಆಟವನ್ನು ಕಲಿತು, ತಮ್ಮ ಊರಿಗೆ ಹೋಗಿ ಅದನ್ನೇ ಕಲಿಸಿದರು. 1920ರ ದಶಕದ ಮದ್ರಾಸು ಪ್ರಾಂತದಲ್ಲಿ ಇದರ ಭಾರ ಎಷ್ಟೆಂದು ಇಂದಿನವರಿಗೆ ಊಹಿಸುವುದು ಕಷ್ಟ. ಎಷ್ಟೋ ಊರುಗಳಲ್ಲಿ ಬಾವಿ ಬೇರೆ, ಬೀದಿ ಬೇರೆ ಇದ್ದ ಕಾಲ. ವಾಲಿಬಾಲಿನಲ್ಲಿ ಚೆಂಡು ನೆಲಕ್ಕೆ ಬೀಳುವ ಮೊದಲು ಪಕ್ಕದವನು ಯಾರೆಂದು ನೋಡದೆ ಅವನಿಗೆ ಎತ್ತಿಕೊಡಬೇಕು. ವೈ.ಎಂ.ಸಿ.ಎ. ಲಾಂಛನದಲ್ಲಿ, ಎಲ್ಲರೂ ಒಂದಾಗಿರಲಿ ಎಂಬ ಆಶಯದ ಯೋಹಾನನ ಸುವಾರ್ತೆಯ ವಚನದ ಗುರುತಿದೆ. ಆ ವಚನವನ್ನು ಎಂದೂ ಓದದ ಹುಡುಗರು ಅದನ್ನು ಆಡಿದರು.

1924ರಲ್ಲಿ ಬಕ್ ಭಾರತದ ಸಣ್ಣ ತಂಡವನ್ನು ಕರೆದುಕೊಂಡು ಪ್ಯಾರಿಸ್ ಒಲಿಂಪಿಕ್ಸಿಗೆ ವ್ಯವಸ್ಥಾಪಕರಾಗಿ ಹೋದರು. ಉದ್ದ ಜಿಗಿತದ ದಲೀಪ್ ಸಿಂಗ್, ಹರ್ಡಲ್ಸ್ ಓಟದ ಲಕ್ಷ್ಮಣನ್ ಆ ತಂಡದಲ್ಲಿದ್ದರು. ನಾಲ್ಕು ವರ್ಷ ಹಿಂದೆ ಆಂಟ್ವರ್ಪಿನಲ್ಲಿ ಬೆಳಗಾವಿಯ ಪಿ.ಡಿ. ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದ್ದರು. ಆಗ ತಂಡ ಕಟ್ಟಿದ್ದು ದೊರಾಬ್ಜಿ ಟಾಟಾ ಅವರ ಉತ್ಸಾಹ ಮತ್ತು ಹಣ. ಈಗ ಅದಕ್ಕೆ ವ್ಯವಸ್ಥೆ ಬೇಕಿತ್ತು. ನೋಹ್ರೆನ್ ಪ್ರಾಂತದಿಂದ ಪ್ರಾಂತಕ್ಕೆ ತಿರುಗಿ ಸಂಘಟನೆಗಳನ್ನು ಎಬ್ಬಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಾಗ ಟಾಟಾ ಅಧ್ಯಕ್ಷರು, ನೋಹ್ರೆನ್ ಕಾರ್ಯದರ್ಶಿ. ಒಬ್ಬ ಪಾರ್ಸಿ ಉದ್ಯಮಿ, ಒಬ್ಬ ಅಮೆರಿಕನ್ ಕ್ರೈಸ್ತ ವೈದ್ಯ. ನಮ್ಮ ಒಲಿಂಪಿಕ್ ಚರಿತ್ರೆಯ ಹೊಸ್ತಿಲಲ್ಲಿ ಇಂಥ ಸ್ನೇಹಗಳಿವೆ.

ಅದೇ ಪ್ಯಾರಿಸ್ಸಿನಲ್ಲಿ, 1924ರ ಜುಲೈನಲ್ಲಿ, ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಭಾನುವಾರ ಸಬ್ಬತ್ತಿನ ದಿನವೆಂದು ನೂರು ಮೀಟರ್ ಓಟದ ಸುತ್ತಿಗೆ ಇಳಿಯಲಿಲ್ಲ. ನಾನೂರು ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದ. ಆಟಗಾರನ ವಿಶ್ವಾಸ ಎಂದಾಗ ಜಗತ್ತು ನೆನೆಯುವುದು ಈ ಕತೆಯನ್ನು. ನನಗೆ ಅವನ ಬಾಳಿನ ಕೊನೆಯ ಪುಟ ಹೆಚ್ಚು ಪ್ರಿಯ. ಮರುವರ್ಷವೇ ಅವನು ತಾನು ಹುಟ್ಟಿದ ಚೀನಾದ ತಿಯೆನ್‌ತ್ಸಿನ್ನಿಗೆ ಶಿಕ್ಷಕನಾಗಿ ಹೋದ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ವೈಹ್‌ಸೀನ್ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ತಂದೆತಾಯಿಯಿಂದ ದೂರವಾದ ಮಕ್ಕಳು ಬೇಸರ ಕಳೆಯಲು ಭಾನುವಾರ ಹಾಕಿ ಆಡಿದರು. ಲಿಡೆಲ್ ಮೊದಲು ಭಾನುವಾರದ ಆಟಕ್ಕೆ ಒಪ್ಪಿರಲಿಲ್ಲ. ರೆಫರಿ ಇಲ್ಲದೆ ಆಟ ಬಡಿದಾಟವಾಯಿತು. ಮುಂದಿನ ಭಾನುವಾರ ಅವನೇ ಮೈದಾನಕ್ಕೆ ಬಂದು ರೆಫರಿಯಾಗಿ ನಿಂತ. ಒಲಿಂಪಿಕ್ ಪದಕಕ್ಕಾಗಿ ಮುರಿಯದ ನೇಮವನ್ನು ಮಕ್ಕಳ ಸಲುವಾಗಿ ಸಡಿಲಿಸಿದ. 1945ರ ಫೆಬ್ರವರಿ 21ರಂದು ಅದೇ ಶಿಬಿರದಲ್ಲಿ ತೀರಿಕೊಂಡ. ಬಕ್ ಮತ್ತು ಅವರ ಶಿಷ್ಯರು ನಂಬಿದ ದಾರಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ಪ್ಯಾರಿಸ್ಸಿನ ಲಿಡೆಲ್‌ನನ್ನಲ್ಲ, ವೈಹ್‌ಸೀನಿನ ಲಿಡೆಲ್‌ನನ್ನು.

ಈ ದಾರಿಯನ್ನು ಎರಡು ಕಡೆಯಿಂದಲೂ ಜನ ಸಂಶಯದಿಂದ ನೋಡಿದರು. ಸಭೆಯೊಳಗಿನ ಕೆಲವರಿಗೆ ಇದು ಸುವಾರ್ತೆಯನ್ನು ನೀರಾಗಿಸಿದಂತೆ ತೋರಿತು. ದೀಕ್ಷಾಸ್ನಾನ ಪಡೆದವರೆಷ್ಟು ಎಂಬ ಲೆಕ್ಕವಿಲ್ಲದ ಮಿಷನ್ ಎಂಥದು ಎಂದರು. ಹೊರಗಿನ ಕೆಲವರಿಗೆ ಚೆಂಡಿನೊಳಗೆ ಮತಾಂತರ ಅಡಗಿದೆ ಎನ್ನಿಸಿತು. ಎರಡೂ ಸಂಶಯಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಗೆಳೆತನವನ್ನು ಬಲೆಯಾಗಿ ಬೀಸಿದವರು ಜಗತ್ತಿನಲ್ಲಿ ಇದ್ದಾರೆ. ಆದರೆ ಸೈದಾಪೇಟೆಯ ಕಾಲೇಜನ್ನು ಅದರ ಫಲದಿಂದ ಅಳೆಯೋಣ. ಅದು ಶಿಕ್ಷಕರನ್ನು ಕೊಟ್ಟಿತು, ಅವರನ್ನು ತಮ್ಮ ತಮ್ಮ ನಂಬಿಕೆಯೊಂದಿಗೆ ಊರಿಗೆ ಕಳಿಸಿಕೊಟ್ಟಿತು. ತನ್ನ ವಿಶ್ವಾಸವನ್ನು ಮುಚ್ಚಿಡಲೂ ಇಲ್ಲ. ಪ್ರಾರ್ಥನೆ ಇತ್ತು, ಬೈಬಲ್ ಇತ್ತು, ಕ್ರಿಸ್ತನ ಹೆಸರು ಬಾಗಿಲ ಮೇಲೇ ಇತ್ತು. ವಿಶ್ವಾಸವನ್ನು ತೆರೆದಿಟ್ಟೂ ಗೆಳೆಯನನ್ನು ಅವನ ಪಾಡಿಗೆ ಬಿಡಬಹುದು. ನಾನು ಕ್ರೈಸ್ತ ಸಾಕ್ಷಿ ಎಂದು ಕರೆಯುವುದು ಅದನ್ನು.

ಅಮೆರಿಕದಲ್ಲಿ ಮುಂದೆ ಬೇರೊಂದು ದಾರಿಯೂ ಬೆಳೆಯಿತು. ಒಕ್ಲಹೋಮಾದ ಕೋಚ್ ಡಾನ್ ಮೆಕ್ಲಾನೆನ್, ವಿಶ್ವಾಸವನ್ನು ಬಹಿರಂಗವಾಗಿ ಹೇಳಿಕೊಳ್ಳುವ ಆಟಗಾರರ ಬಗ್ಗೆ ಬಂದ ಪತ್ರಿಕಾ ತುಣುಕುಗಳನ್ನು ವರ್ಷಗಟ್ಟಲೆ ಕೂಡಿಟ್ಟು, 1954ರಲ್ಲಿ ಅಂಥ ಹೆಸರಾಂತರಿಗೆ ಪತ್ರ ಬರೆದ. ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ನನ್ನು ಬೇಸ್‌ಬಾಲ್ ತಂಡಕ್ಕೆ ತಂದು ಬಣ್ಣದ ಗೋಡೆ ಒಡೆದಿದ್ದ ಬ್ರಾಂಚ್ ರಿಕಿ, ಐದು ನಿಮಿಷ ಮಾತಾಡೋಣ ಎಂದವರು ಐದು ತಾಸು ಕೂತರು. ಕ್ರೈಸ್ತ ಕ್ರೀಡಾಪಟುಗಳ ಬಳಗ ಹುಟ್ಟಿದ್ದು ಹೀಗೆ. ಜಾಹೀರಾತಿನಲ್ಲಿ ಶೇವಿಂಗ್ ಕ್ರೀಮು, ಸಿಗರೇಟು ಮಾರುವ ಆಟಗಾರ ತನ್ನ ವಿಶ್ವಾಸದ ಬಗ್ಗೆಯೂ ಏಕೆ ಮಾತಾಡಬಾರದು ಎಂಬುದು ಅದರ ಮೂಲ ಯೋಚನೆ. ಅದರಿಂದ ಎಷ್ಟೋ ಹುಡುಗರಿಗೆ ಆಸರೆ ಸಿಕ್ಕಿದೆ. ಆದರೆ ಅಲ್ಲಿ ಮಾತಿಗೆ ತೂಕ ಬರುವುದು ಗೆಲುವಿನಿಂದ. ಸೋತವನ, ಗಾಯಗೊಂಡವನ ಸಾಕ್ಷಿ ಕೇಳುವವರು ಕಡಿಮೆ. ಕ್ರೀಡಾ ಲೇಖಕ ಫ್ರಾಂಕ್ ಡಿಫೋರ್ಡ್ 1976ರಲ್ಲಿ ಈ ಕೊರತೆಯನ್ನೇ ಎತ್ತಿ ಆಡಿದ್ದರು. ಮದ್ರಾಸಿನ ದಾರಿಯಲ್ಲಿ ತಾರೆಗಳಿರಲಿಲ್ಲ. ಅಲ್ಲಿದ್ದವರು ಮೇಷ್ಟ್ರುಗಳು.

ಆ ಮೇಷ್ಟ್ರುಗಳಿಗೂ ಕನ್ನಡ ನಾಡಿಗೂ ನೇರ ನಂಟಿದೆ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸು ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಶಾಲೆಗಳಿಗೆ ಮದ್ರಾಸಿನ ಪಠ್ಯಕ್ರಮ, ಮದ್ರಾಸಿನ ತರಬೇತಿ. ವ್ಯಾಯಾಮ ಶಿಕ್ಷಕನಾಗಬೇಕೆಂದ ಹುಡುಗ ರೈಲು ಹತ್ತುತ್ತಿದ್ದದ್ದು ಸೈದಾಪೇಟೆಗೆ. ಇಂದು ಕರಾವಳಿಯ ಯಾವ ಯುವಕ ಮಂಡಲದ ಅಂಗಳಕ್ಕೆ ಹೋದರೂ ವಾಲಿಬಾಲಿನ ಕಂಬಗಳು ನಿಂತಿರುತ್ತವೆ. ಹೊನಲು ಬೆಳಕಿನ ಪಂದ್ಯಾಟವೆಂದರೆ ಊರಿಗೆ ಊರೇ ಸೇರುತ್ತದೆ. ಎರಡು ಅಡಿಕೆ ಮರದ ಕಂಬ, ಒಂದು ನೆಟ್ಟು, ಒಂದು ಚೆಂಡು ಸಾಕು. ಬಡ ಶಾಲೆಗೂ ಎಟುಕುವ ಆಟ. ಹೋಲಿಯೋಕಿನ ವ್ಯಾಪಾರಸ್ಥರಿಗೆಂದು ಹುಟ್ಟಿದ್ದು ನಮ್ಮ ಗದ್ದೆಯ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಬೇರು ಬಿಟ್ಟಿದೆ. ಬೆಂಗಳೂರಿನ ನೃಪತುಂಗ ರಸ್ತೆಯ ವೈ.ಎಂ.ಸಿ.ಎ. ಮೈದಾನದಲ್ಲಿ ಬ್ಯಾಟು ಹಿಡಿದು ಬೆಳೆದ ಹುಡುಗರಿಗೂ ಆ ನಾಲ್ಕು ಅಕ್ಷರಗಳ ಹಿಂದಿನ ಕತೆ ಗೊತ್ತಿರಲಾರದು. ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಆಟ ಅವರದಾಗಿದೆ.

ಬಕ್ 1943ರಲ್ಲಿ ತೀರಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದ ಅವರು ಸ್ವತಂತ್ರ ಭಾರತವನ್ನು ನೋಡಲಿಲ್ಲ. ನೋಡಿದ್ದರೆ ಸಂತೋಷಪಡುತ್ತಿದ್ದರು. ಅವರ ಪರಂಪರೆಯಲ್ಲಿ ಪಳಗಿದ ಪಿ.ಎಂ. ಜೋಸೆಫ್ 1938ರಲ್ಲಿ ಮುಂಬಯಿ ಹತ್ತಿರದ ಕಾಂದಿವಲಿಯಲ್ಲಿ ಸರ್ಕಾರಿ ವ್ಯಾಯಾಮ ಶಿಕ್ಷಣ ಸಂಸ್ಥೆಯ ಹೊಣೆ ಹೊತ್ತರು. 1857ರ ದಂಗೆಯ ನೂರನೆಯ ವರ್ಷದಲ್ಲಿ, 1957ರ ಆಗಸ್ಟ್ 17ರಂದು, ಗ್ವಾಲಿಯರಿನಲ್ಲಿ ಝಾನ್ಸಿ ರಾಣಿಯ ಹೆಸರಿನಲ್ಲಿ ಕೇಂದ್ರ ಸರ್ಕಾರ ದೈಹಿಕ ಶಿಕ್ಷಣ ಕಾಲೇಜು ತೆರೆದಾಗ ಅದರ ಮೊದಲ ಪ್ರಾಂಶುಪಾಲರಾಗಿ ನಿಂತವರೂ ಜೋಸೆಫರೇ. ಬ್ರಿಟಿಷರೊಡನೆ ಕಾದಾಡಿ ಮಡಿದ ರಾಣಿಯ ಸ್ಮಾರಕ ಸಂಸ್ಥೆಗೆ ಕ್ರೈಸ್ತ ಸಂಘದ ಅಂಗಳದಲ್ಲಿ ಬೆಳೆದ ಭಾರತೀಯ ಗುರು. ಅಜರಯ್ಯನವರು ಎಡಿನ್‌ಬರೋದಲ್ಲಿ ಬೇಡಿದ್ದು ಇಷ್ಟು ದೂರ ಬಂದು ಮುಟ್ಟಿತು.

ಇಂದು ಬಿ.ಪಿ.ಎಡ್. ಕಾಲೇಜುಗಳು ಜಿಲ್ಲೆಗೊಂದರಂತೆ ಇವೆ. ಮದ್ರಾಸಿಗೆ ಹೋಗುವ ಅಗತ್ಯ ನಮ್ಮ ಹುಡುಗರಿಗಿಲ್ಲ. ಆದರೆ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಬಿದ್ದಿರುವುದು, ಇದ್ದರೂ ಅವರನ್ನು ಬಿಸಿಯೂಟದ ಲೆಕ್ಕಕ್ಕೋ ಚುನಾವಣೆಯ ಕೆಲಸಕ್ಕೋ ಕೂರಿಸುವುದು, ಹತ್ತನೆಯ ತರಗತಿ ಬಂತೆಂದರೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದು ನಮ್ಮೆದುರಿಗೇ ನಡೆದಿದೆ. ಡ್ರಿಲ್ ಹವಾಲ್ದಾರನ ಜಾಗದಲ್ಲಿ ಒಬ್ಬ ಶಿಕ್ಷಕನನ್ನು ನಿಲ್ಲಿಸಲು ಬಕ್ ಪಟ್ಟ ಪಾಡು ನೆನೆದಾಗ ಇದು ಸಂಕಟ ತರುತ್ತದೆ.

ಈ ಸಂಚಿಕೆಯನ್ನು ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರೊಬ್ಬರು ಸೈದಾಪೇಟೆಯಲ್ಲಿ ಕಲಿತಿದ್ದರೆ ಅವರ ಪ್ರಮಾಣಪತ್ರ, ಟಿಪ್ಪಣಿ ಪುಸ್ತಕ, ಶಿಬಿರದ ಗುಂಪುಚಿತ್ರ ಯಾವುದಾದರೂ ಉಳಿದಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಚಿತ್ರದ ಹಿಂದೆ ವರ್ಷ ಬರೆದಿಡಿ. ಅದರಲ್ಲಿರುವವರ ಹೆಸರು, ಊರು, ಅವರು ಯಾವ ಶಾಲೆಯಲ್ಲಿ ಎಷ್ಟು ಕಾಲ ಇದ್ದರು, ಯಾರನ್ನು ಆಟಕ್ಕೆ ಹಚ್ಚಿದರು ಎಂಬುದನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲದ ಹಳೆಯ ಹೈಸ್ಕೂಲುಗಳಲ್ಲಿ ಈ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು. ಆ ಮೇಷ್ಟ್ರುಗಳ ಕೈಯಲ್ಲಿ ಆಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ.